ಇ-ಮೇಲ್‌ಗೆ ಉತ್ತರ ಬರೆಯುವಾಗ ಅಕ್ಷರ ತಡವಾಗಿ ಮೂಡುವುದೇಕೆ? ಕಾರಣ ಪತ್ತೆ ಹಾಗೂ ಪರಿಹಾರ

ಕಾಫಿ ಮತ್ತು ಅಡಿಕೆ ಬೆಳೆಗಾರರ ವ್ಯವಹಾರದಲ್ಲಿ ಅಂಚೆ ಕಾಗದದ ಸ್ಥಾನವನ್ನು ಈಗ ಬಹುಮಟ್ಟಿಗೆ ಇ-ಮೇಲ್ ಪಡೆದುಕೊಂಡಿದೆ. ಕ್ಯೂರಿಂಗ್ ವರ್ಕ್ಸ್‌ನ ಔಟ್‌ಟರ್ನ್ ವರದಿ, ಖರೀದಿದಾರರು ಕೇಳುವ ಮಾದರಿಯ ವಿವರ, ಬ್ಯಾಂಕಿನ ಸಾಲ ನವೀಕರಣದ ತಿಳುವಳಿಕೆ, ಯಂತ್ರೋಪಕರಣದ ದರಪಟ್ಟಿ ಮುಂತಾದುವು ಇ-ಮೇಲ್ ಮೂಲಕವೇ ಬರುತ್ತವೆ. ಇವುಗಳಲ್ಲಿ ಕೆಲವಕ್ಕೆ ಅದೇ ದಿನ ಉತ್ತರ ಕೊಡಬೇಕಾಗುತ್ತದೆ. ಧಾರಣೆ ದಿನದಿಂದ ದಿನಕ್ಕೆ ಏರಿಳಿಯುವಾಗ ಇಂದು ಒಪ್ಪಿದ ದರ ನಾಳೆಗೆ ಉಳಿಯುತ್ತದೆಂಬ ಭರವಸೆ ಇಲ್ಲ.

ಇಂಥ ಸಮಯದಲ್ಲಿ ಅನೇಕರು ಎದುರಿಸುವ ಒಂದು ತೊಂದರೆ ಎಂದರೆ, ಉತ್ತರ ಬರೆಯಲು ಕುಳಿತಾಗ ಕೀಲಿ ಒತ್ತಿದ ಎಷ್ಟೋ ಹೊತ್ತಿನ ಮೇಲೆ ಅಕ್ಷರ ಪರದೆಯ ಮೇಲೆ ಮೂಡುವುದು. ಮೇಲುನೋಟಕ್ಕೆ ಇದು ಕೇವಲ ಬೇಸರದ ಸಂಗತಿ ಎನಿಸಬಹುದು. ಆದರೆ ಇದರಿಂದ ನಷ್ಟವೂ ಆಗಬಹುದು. ‘150 ಮೂಟೆ’ ಎಂದು ಬರೆಯಬೇಕಾದಲ್ಲಿ ಸೊನ್ನೆ ಮೂಡಲಿಲ್ಲವೆಂದು ಇನ್ನೊಮ್ಮೆ ಒತ್ತಿದರೆ, ಸ್ವಲ್ಪ ಹೊತ್ತಿನಲ್ಲಿ ಎರಡೂ ಸೊನ್ನೆ ಒಟ್ಟಿಗೆ ಮೂಡಿ ‘1500 ಮೂಟೆ’ ಆಗುತ್ತದೆ. ಅಳಿಸಲು ಹೋದರೆ ಬೇಕಾದ ಅಂಕಿಯೂ ಅಳಿಸಿಹೋಗಿ ‘15 ಮೂಟೆ’ ಉಳಿಯುತ್ತದೆ. ಅವಸರದಲ್ಲಿ ಹಾಗೆಯೇ ಕಳುಹಿಸಿದ ಪತ್ರ ಮುಂದೆ ತಕರಾರಿಗೆ ಮೂಲವಾಗುತ್ತದೆ.

ತೊಂದರೆ ಬಂದ ಕೂಡಲೇ ಕೆಲವರು ಹೊಸ ಗಣಕಯಂತ್ರ ಕೊಳ್ಳಲು ಮುಂದಾಗುತ್ತಾರೆ. ಕೆಲವರು ಇಂಟರ್‌ನೆಟ್ ಸರಿ ಇಲ್ಲವೆಂದು ಕೈಚೆಲ್ಲುತ್ತಾರೆ. ಇವೆರಡಕ್ಕೂ ಮೊದಲು ಕಾರಣವನ್ನು ಪತ್ತೆ ಮಾಡುವುದು ಯೋಗ್ಯ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಬೇರುಹುಳಕ್ಕೆ ಮದ್ದಲ್ಲ. ಅದರಂತೆ ಇಲ್ಲಿಯೂ ಕಾರಣಗಳು ಬೇರೆ ಬೇರೆ, ಪರಿಹಾರವೂ ಬೇರೆ ಬೇರೆ. ಕಾರಣ ಪತ್ತೆ ಮಾಡುವ ಕ್ರಮವನ್ನು ಈ ಪಾಠದಲ್ಲಿ ಹಂತ ಹಂತವಾಗಿ ತಿಳಿಸಲಾಗಿದೆ. ವಿವರಣೆಗೆ ‘ಥಂಡರ್‌ಬರ್ಡ್’ ಎಂಬ ಇ-ಮೇಲ್ ತಂತ್ರಾಂಶವನ್ನು ಆರಿಸಿಕೊಂಡಿದೆ. 2004ರ ಡಿಸೆಂಬರ್‌ನಲ್ಲಿ ಇದರ ಮೊದಲ ಪೂರ್ಣ ಆವೃತ್ತಿ ಹೊರಬಂತು. ಇದು ಉಚಿತವಾಗಿ ದೊರೆಯುತ್ತದೆ. ಪತ್ರಗಳನ್ನು ನಮ್ಮ ಯಂತ್ರದಲ್ಲಿಯೇ ಇರಿಸಿಕೊಳ್ಳಬಹುದಾದ್ದರಿಂದ, ಮಳೆಗಾಲದಲ್ಲಿ ಇಂಟರ್‌ನೆಟ್ ಕಡಿದುಹೋದಾಗಲೂ ಹಳೆಯ ಪತ್ರ ಓದಲು, ಹೊಸದನ್ನು ಬರೆದಿಡಲು ಸಾಧ್ಯ. ಮಲೆನಾಡಿನವರಿಗೆ ಇದೊಂದು ಅನುಕೂಲ.

ತುರ್ತು ಉಪಾಯ

ಪತ್ರ ಇಂದೇ ಹೋಗಬೇಕಾಗಿದ್ದು, ರೋಗ ಹುಡುಕಲು ಸಮಯವಿಲ್ಲದಿದ್ದರೆ ಹೀಗೆ ಮಾಡಿರಿ. ವಿಂಡೋಸ್‌ನಲ್ಲಿರುವ ನೋಟ್‌ಪ್ಯಾಡ್ ತೆರೆದು ಉತ್ತರವನ್ನು ಅಲ್ಲಿ ಪೂರ್ತಿ ಬರೆಯಿರಿ. ಕಂಟ್ರೋಲ್ ಕೀಲಿಯೊಂದಿಗೆ ‘ಎ’ ಒತ್ತಿ ಎಲ್ಲವನ್ನೂ ಆರಿಸಿ, ಕಂಟ್ರೋಲ್ ಹಾಗೂ ‘ಸಿ’ ಒತ್ತಿ ನಕಲು ಮಾಡಿಕೊಳ್ಳಿ. ಇ-ಮೇಲ್‌ನ ಉತ್ತರದ ಕಿಟಕಿಗೆ ಬಂದು ಕಂಟ್ರೋಲ್ ಹಾಗೂ ‘ವಿ’ ಒತ್ತಿ ಅಂಟಿಸಿರಿ. ನೂರು ಅಕ್ಷರ ಒಂದೊಂದಾಗಿ ಮೂಡಲು ತಿಣುಕುವ ಕಿಟಕಿಯೂ ನೂರನ್ನು ಒಟ್ಟಿಗೆ ಕೊಟ್ಟರೆ ಸಾಮಾನ್ಯವಾಗಿ ಒಂದೇ ಸಲಕ್ಕೆ ತೆಗೆದುಕೊಳ್ಳುತ್ತದೆ.

ಕಳುಹಿಸುವ ಮೊದಲು ಪ್ರಮಾಣ, ದರ ಮತ್ತು ದಿನಾಂಕ ಈ ಮೂರನ್ನು ಇನ್ನೊಮ್ಮೆ ಓದಿರಿ. ಬ್ಯಾಂಕಿನ ಚೆಕ್ಕಿನಲ್ಲಿ ಬರೆಯುವಂತೆ ಮುಖ್ಯ ಮೊತ್ತವನ್ನು ಅಂಕಿ ಮತ್ತು ಅಕ್ಷರ ಎರಡರಲ್ಲೂ ಬರೆಯುವುದು ಒಳ್ಳೆಯ ಅಭ್ಯಾಸ. ‘150 (ನೂರ ಐವತ್ತು) ಮೂಟೆ’ ಎಂದಿದ್ದರೆ ಒಂದು ಸೊನ್ನೆ ತಪ್ಪಿದರೂ ಓದುವವರಿಗೆ ಕೂಡಲೇ ತಿಳಿಯುತ್ತದೆ.

ಕೀಲಿಯಿಂದ ಪರದೆಯವರೆಗೆ

ಕಾರಣ ಹುಡುಕಬೇಕಾದರೆ ಕೀಲಿ ಒತ್ತಿದ ಮೇಲೆ ಏನಾಗುತ್ತದೆ ಎಂಬುದು ಸ್ಥೂಲವಾಗಿಯಾದರೂ ತಿಳಿದಿರಬೇಕು. ಕೀಲಿಮಣೆಯಿಂದ ಹೊರಟ ಸಂಕೇತ ಮೊದಲು ವಿಂಡೋಸ್‌ಗೆ ತಲಪುತ್ತದೆ. ಕನ್ನಡದಲ್ಲಿ ಬರೆಯುತ್ತಿದ್ದರೆ ಕನ್ನಡ ಕೀಲಿಮಣೆಯ ತಂತ್ರಾಂಶ ಅದನ್ನು ಕನ್ನಡ ಅಕ್ಷರವಾಗಿ ಮಾರ್ಪಡಿಸುತ್ತದೆ. ಅನಂತರ ಅದು ಇ-ಮೇಲ್ ತಂತ್ರಾಂಶದ ಬರೆಯುವ ಕಿಟಕಿಗೆ ಬರುತ್ತದೆ. ಅಲ್ಲಿ ಅಕ್ಷರಕ್ಕೆ ಸ್ಥಳ ಮಾಡಿಕೊಡಲು ಸಾಲುಗಳನ್ನು ಮತ್ತೆ ಜೋಡಿಸಬೇಕಾಗಬಹುದು. ಕಾಗುಣಿತ ಪರೀಕ್ಷೆ ನಡೆಯುತ್ತದೆ. ಕೊನೆಗೆ ಪರದೆಯ ಮೇಲೆ ಚಿತ್ರಿಸಲಾಗುತ್ತದೆ. ಇವೆಲ್ಲ ಸೆಕೆಂಡಿನ ಅತಿ ಸಣ್ಣ ಭಾಗದಲ್ಲಿ ಮುಗಿಯಬೇಕಾದ ಕೆಲಸ.

ಇಲ್ಲಿ ಗಮನಿಸಬೇಕಾದ ಮಾತೆಂದರೆ, ಈ ದಾರಿಯಲ್ಲಿ ಎಲ್ಲಿಯೂ ಇಂಟರ್‌ನೆಟ್ ಬರುವುದಿಲ್ಲ. ಥಂಡರ್‌ಬರ್ಡ್‌ನಂತಹ ತಂತ್ರಾಂಶದಲ್ಲಿ ಬರೆಯುವ ಕೆಲಸ ನಮ್ಮ ಯಂತ್ರದೊಳಗೇ ನಡೆಯುತ್ತದೆ. ಆದ್ದರಿಂದ ಪ್ರತಿ ಅಕ್ಷರವೂ ಒಂದೇ ಸಮನೆ ತಡವಾಗುತ್ತಿದ್ದರೆ ಅದಕ್ಕೆ ಇಂಟರ್‌ನೆಟ್ ಕಾರಣವೆಂದು ಭಾವಿಸಬಾರದು. ಒಂದು ಸಂದರ್ಭ ಮಾತ್ರ ಇದಕ್ಕೆ ಹೊರತು. ಅದನ್ನು ಮುಂದೆ ಹೇಳಿದೆ.

ಇನ್ನೊಂದು ಪ್ರಶ್ನೆ: ಹೊಸ ಪತ್ರದಲ್ಲಿ ಇಲ್ಲದ ತೊಂದರೆ ಉತ್ತರದಲ್ಲಿ ಮಾತ್ರ ಏಕೆ? ಉತ್ತರ ಬರೆಯುವ ಗುಂಡಿ ಒತ್ತಿದಾಗ, ನಮಗೆ ಬಂದ ಪತ್ರ ಪೂರ್ತಿಯಾಗಿ ಬರೆಯುವ ಕಿಟಕಿಯೊಳಗೆ ಬಂದು ಕುಳಿತುಕೊಳ್ಳುತ್ತದೆ. ಆ ಪತ್ರದೊಳಗೆ ಅದಕ್ಕೂ ಹಿಂದಿನ ಪತ್ರ, ಅದರೊಳಗೆ ಅದರ ಹಿಂದಿನದು. ಹತ್ತನೆಯ ಉತ್ತರ ಬರೆಯುವ ಹೊತ್ತಿಗೆ ಹಿಂದಿನ ಒಂಬತ್ತು ಪತ್ರಗಳು, ಅವುಗಳ ಕೋಷ್ಟಕ, ಬಣ್ಣ, ಪ್ರತಿ ಸಹಿಯ ಕೆಳಗಿನ ಸಂಸ್ಥೆಯ ಚಿಹ್ನೆ, ಕಾನೂನಿನ ಎಚ್ಚರಿಕೆಯ ಸಾಲು ಎಲ್ಲವೂ ಅಲ್ಲಿರುತ್ತವೆ. ನಾವು ಬರೆಯುವುದು ಎರಡೇ ಸಾಲಾದರೂ ತಂತ್ರಾಂಶ ಇಡೀ ಕಂತೆಯನ್ನು ಹೊತ್ತು ನಡೆಯಬೇಕಾಗುತ್ತದೆ.

ನಾಲ್ಕು ಕಡೆಯ ಪರೀಕ್ಷೆ

ಹನಿ ನೀರಾವರಿಯಲ್ಲಿ ಕೊನೆಯ ಮರಕ್ಕೆ ನೀರು ಬಾರದಿದ್ದರೆ ನಾವು ಮೊದಲು ಪಂಪಿನ ಬಳಿ, ಅನಂತರ ಫಿಲ್ಟರ್ ಬಳಿ, ಆಮೇಲೆ ಗೇಟ್ ವಾಲ್ವ್ ಬಳಿ, ಕೊನೆಗೆ ಪೈಪಿನ ತುದಿಯಲ್ಲಿ ನೋಡುತ್ತೇವೆ. ನೀರು ಎಲ್ಲಿಯವರೆಗೆ ಸರಿಯಾಗಿದೆಯೋ ಅದರ ಮುಂದೆಯೇ ಅಡಚಣೆ. ಅದೇ ರೀತಿ ಒಂದೇ ವಾಕ್ಯವನ್ನು ಕೆಳಗಿನ ನಾಲ್ಕು ಕಡೆ ಬರೆದು ನೋಡಬೇಕು. ಉದಾಹರಣೆಗೆ, ‘ನಮ್ಮ ಮಾದರಿಯನ್ನು ಸೋಮವಾರ ಕಳುಹಿಸಲಾಗುವುದು’ ಎಂಬ ವಾಕ್ಯ ಸಾಕು.

1. ನೋಟ್‌ಪ್ಯಾಡ್‌ನಲ್ಲಿ.
2. ಥಂಡರ್‌ಬರ್ಡ್‌ನ ಹೊಸ, ಖಾಲಿ ಪತ್ರದಲ್ಲಿ.
3. ನಾಲ್ಕೈದು ಸಾಲಿನ ಒಂದು ಸಣ್ಣ ಪತ್ರಕ್ಕೆ ಉತ್ತರವಾಗಿ.
4. ತೊಂದರೆ ಕೊಡುತ್ತಿರುವ ಆ ದೊಡ್ಡ ಪತ್ರಕ್ಕೆ ಉತ್ತರವಾಗಿ.

ಕನ್ನಡದಲ್ಲಿ ಬರೆಯುವವರು ಪ್ರತಿ ಕಡೆಯಲ್ಲೂ ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ ಬರೆದು ನೋಡುವುದು ಉತ್ತಮ. ಪರೀಕ್ಷೆಯ ಪತ್ರಗಳನ್ನು ಕಳುಹಿಸಬೇಕಾಗಿಲ್ಲ. ಕಿಟಕಿ ಮುಚ್ಚಿ, ಉಳಿಸುವುದು ಬೇಡವೆಂದು ಸೂಚಿಸಿದರಾಯಿತು. ಫಲಿತಾಂಶವನ್ನು ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಿರಿ.

ಫಲಿತಾಂಶದ ಅರ್ಥ ಹೀಗಿದೆ. ನೋಟ್‌ಪ್ಯಾಡ್‌ನಲ್ಲಿಯೇ ನಿಧಾನವಾದರೆ ದೋಷ ಯಂತ್ರದಲ್ಲಿ ಅಥವಾ ಕೀಲಿಮಣೆಯಲ್ಲಿ. ನೋಟ್‌ಪ್ಯಾಡ್ ಸರಿಯಿದ್ದು ಹೊಸ ಪತ್ರದಲ್ಲಿ ನಿಧಾನವಾದರೆ ದೋಷ ಇ-ಮೇಲ್ ತಂತ್ರಾಂಶದಲ್ಲಿ. ಮೊದಲ ಮೂರು ಕಡೆ ಸರಿಯಿದ್ದು ನಾಲ್ಕನೆಯದರಲ್ಲಿ ಮಾತ್ರ ನಿಧಾನವಾದರೆ ಕಾರಣ ಆ ಪತ್ರದ ಭಾರ. ಎಲ್ಲ ಕಡೆ ಸರಿಯಿದ್ದು ಆಗಾಗ ಮಾತ್ರ ಒಂದೆರಡು ಸೆಕೆಂಡು ನಿಂತು ಮುಂದುವರಿಯುತ್ತಿದ್ದರೆ ಹಿನ್ನೆಲೆಯಲ್ಲಿ ಬೇರೇನೋ ಕೆಲಸ ನಡೆಯುತ್ತಿದೆ ಎಂದು ತಿಳಿಯಬೇಕು. ಈ ನಾಲ್ಕಕ್ಕೂ ಪರಿಹಾರವನ್ನು ಬೇರೆ ಬೇರೆಯಾಗಿ ನೋಡೋಣ.

ಅ) ನೋಟ್‌ಪ್ಯಾಡ್‌ನಲ್ಲಿಯೂ ನಿಧಾನವಾದರೆ

ಮೊದಲು ಸುಲಭದ್ದನ್ನು ನೋಡಿರಿ. ವೈರ್ ಇಲ್ಲದ ಕೀಲಿಮಣೆಯಾದರೆ ಅದರ ಸೆಲ್ ಬದಲಾಯಿಸಿರಿ. ಬೇರೆ ಕೀಲಿಮಣೆ ಜೋಡಿಸಿ ಪರೀಕ್ಷಿಸಿರಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಿದ್ದರೆ ವಿದ್ಯುತ್ ಉಳಿಸುವ ಸಲುವಾಗಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡಿರಬಹುದು. ಚಾರ್ಜರ್ ಹಾಕಿ ನೋಡಿರಿ.

ವಿಂಡೋಸ್‌ನಲ್ಲಿ ‘ಫಿಲ್ಟರ್ ಕೀಸ್’ ಎಂಬ ಒಂದು ಅನುಕೂಲವಿದೆ. ಕೈ ನಡುಗುವವರಿಗಾಗಿ ಮಾಡಿದ್ದು. ಇದು ಚಾಲೂ ಇದ್ದರೆ ಕ್ಷಣಮಾತ್ರ ಒತ್ತಿದ ಕೀಲಿಯನ್ನು ಯಂತ್ರ ಲೆಕ್ಕಕ್ಕೆ ಹಿಡಿಯದೆ ಇರಬಹುದು. ಬಲಬದಿಯ ಶಿಫ್ಟ್ ಕೀಲಿಯನ್ನು 8 ಸೆಕೆಂಡು ಒತ್ತಿ ಹಿಡಿದರೆ ಇದು ಚಾಲೂ ಆಗುವ ವ್ಯವಸ್ಥೆ ಇರುವುದರಿಂದ, ಕೈ ಊರಿಕೊಂಡು ಯೋಚಿಸುತ್ತ ಕುಳಿತವರಿಗೆ ತಿಳಿಯದಂತೆಯೇ ಇದು ಆಗಿಬಿಡುವುದುಂಟು. ವಿಂಡೋಸ್ ಸೆಟ್ಟಿಂಗ್ಸ್‌ನ ‘ಆಕ್ಸೆಸಿಬಿಲಿಟಿ’ ಎಂಬಲ್ಲಿ (ಹಳೆಯ ಆವೃತ್ತಿಗಳಲ್ಲಿ ‘ಈಸ್ ಆಫ್ ಆಕ್ಸೆಸ್’) ‘ಕೀಬೋರ್ಡ್’ ತೆರೆದು ಇದನ್ನು ನಿಲ್ಲಿಸಬಹುದು.

ಇಂಗ್ಲಿಷಿನಲ್ಲಿ ಚುರುಕಾಗಿದ್ದು ಕನ್ನಡದಲ್ಲಿ ಮಾತ್ರ ನಿಧಾನವಾದರೆ ಕಾರಣ ಕನ್ನಡ ಕೀಲಿಮಣೆಯ ತಂತ್ರಾಂಶ. ಒಂದೇ ಯಂತ್ರದಲ್ಲಿ ಎರಡು ಮೂರು ಕನ್ನಡ ತಂತ್ರಾಂಶಗಳು ಒಟ್ಟಿಗೆ ನಡೆಯುತ್ತಿದ್ದರೆ ಒಂದೇ ಕೀಲಿಗೆ ಎಲ್ಲವೂ ಕೈಚಾಚುತ್ತವೆ. ಒಂದನ್ನು ಮಾತ್ರ ಉಳಿಸಿಕೊಂಡು ಉಳಿದುವನ್ನು ಮುಚ್ಚಿರಿ. ವಿಂಡೋಸ್‌ನಲ್ಲಿಯೇ ಕನ್ನಡ ಕೀಲಿಮಣೆ ಅಡಕವಾಗಿದೆ. 2019ರ ನಂತರದ ಆವೃತ್ತಿಗಳಲ್ಲಿ ಇಂಗ್ಲಿಷ್ ಅಕ್ಷರಗಳ ಉಚ್ಚಾರಣೆಯಂತೆ ಕನ್ನಡ ಬರೆಯುವ ಕೀಲಿಮಣೆಯೂ ಇದೆ. ಅದನ್ನು ಬಳಸಿ ಹೋಲಿಸಿ ನೋಡಬಹುದು.

ಎರಡು ಭಾಷೆಯಲ್ಲೂ ನಿಧಾನವಾದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿರಿ. ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಅದರಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಂಬ ಮೂರು ಅಂಕಣಗಳಲ್ಲಿ ಶೇಕಡಾವಾರು ಅಂಕಿ ಇರುತ್ತದೆ. ಯಾವುದಾದರೊಂದು ಬಹಳ ಹೊತ್ತು 100ರ ಸಮೀಪವೇ ನಿಂತಿದ್ದರೆ ಆ ಅಂಕಣದ ತಲೆಯ ಮೇಲೆ ಒತ್ತಿರಿ. ಹೆಚ್ಚು ಬಳಸುತ್ತಿರುವ ತಂತ್ರಾಂಶ ಮೇಲಕ್ಕೆ ಬರುತ್ತದೆ. ವಿಂಡೋಸ್ ತನ್ನ ಹೊಸ ಭಾಗಗಳನ್ನು ಇಳಿಸಿಕೊಳ್ಳುತ್ತಿದ್ದರೆ ಅದು ಮುಗಿಯುವವರೆಗೆ ಕಾಯಬೇಕು. ಬ್ರೌಸರ್‌ನಲ್ಲಿ ಇಪ್ಪತ್ತು ಪುಟ ತೆರೆದಿಟ್ಟು ಮೆಮೊರಿ ತುಂಬಿದ್ದರೆ ಅವುಗಳನ್ನು ಮುಚ್ಚಬೇಕು. ಹಳೆಯ, ತಿರುಗುವ ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಡಿಸ್ಕ್ ಅಂಕಣ ಸದಾ 100ರಲ್ಲಿಯೇ ಇದ್ದರೆ, ಅದರ ಬದಲಿಗೆ ಎಸ್‌ಎಸ್‌ಡಿ ಹಾಕಿಸುವುದರಿಂದ ಹೊಸ ಯಂತ್ರ ಕೊಳ್ಳುವ ಖರ್ಚು ಉಳಿಯುವ ಸಂಭವ ಹೆಚ್ಚು.

ಆ) ಹೊಸ ಪತ್ರದಲ್ಲಿಯೂ ನಿಧಾನವಾದರೆ

ಥಂಡರ್‌ಬರ್ಡ್‌ನ ‘ಹೆಲ್ಪ್’ ಪಟ್ಟಿಯಲ್ಲಿ ‘ಟ್ರಬಲ್‌ಶೂಟ್ ಮೋಡ್’ ಎಂಬುದಿದೆ. ಅದನ್ನು ಆರಿಸಿದರೆ ನಾವು ಆಮೇಲೆ ಸೇರಿಸಿಕೊಂಡ ‘ಆಡ್-ಆನ್’ಗಳೆಲ್ಲ ತಾತ್ಕಾಲಿಕವಾಗಿ ನಿಂತು ತಂತ್ರಾಂಶ ಮತ್ತೆ ತೆರೆದುಕೊಳ್ಳುತ್ತದೆ. ಪತ್ರಗಳಿಗೆ ಏನೂ ಆಗುವುದಿಲ್ಲ. ಈ ಸ್ಥಿತಿಯಲ್ಲಿ ಬರೆವಣಿಗೆ ಚುರುಕಾದರೆ ಬಹುಶಃ ಯಾವುದೋ ಆಡ್-ಆನ್ ಕಾರಣ. ತಂತ್ರಾಂಶವನ್ನು ಮಾಮೂಲಿನಂತೆ ತೆರೆದು, ಆಡ್-ಆನ್‌ಗಳನ್ನು ಒಂದೊಂದಾಗಿ ನಿಲ್ಲಿಸುತ್ತ ಹೋದರೆ ತಪ್ಪಿತಸ್ಥ ಸಿಗುತ್ತದೆ.

ಅದರಿಂದ ಪತ್ತೆಯಾಗದಿದ್ದರೆ ಕಾಗುಣಿತ ಪರೀಕ್ಷೆಯ ಕಡೆ ಗಮನ ಕೊಡಬೇಕು. ತಂತ್ರಾಂಶದಲ್ಲಿ ಇಂಗ್ಲಿಷ್ ನಿಘಂಟು ಮಾತ್ರ ಇದ್ದು ನಾವು ಕನ್ನಡದಲ್ಲಿ ಬರೆದರೆ ಪ್ರತಿಯೊಂದು ಕನ್ನಡ ಪದವೂ ಅದಕ್ಕೆ ತಪ್ಪಾಗಿಯೇ ಕಾಣುತ್ತದೆ. ಎಲ್ಲ ಪದಗಳ ಕೆಳಗೂ ಕೆಂಪು ಗೆರೆ ಎಳೆಯುತ್ತ ಹೋಗುತ್ತದೆ. ಇದರಿಂದ ನಮಗೆ ಲಾಭವೇನೂ ಇಲ್ಲ, ಯಂತ್ರಕ್ಕೆ ಕೆಲಸ ಹೆಚ್ಚು. ‘ಸೆಟ್ಟಿಂಗ್ಸ್’ ತೆರೆದು ‘ಕಂಪೊಸಿಷನ್’ ಭಾಗದಲ್ಲಿ ‘ಸ್ಪೆಲಿಂಗ್’ ಎಂಬ ಶೀರ್ಷಿಕೆಯ ಕೆಳಗೆ, ಬರೆಯುತ್ತಿರುವಾಗಲೇ ಕಾಗುಣಿತ ನೋಡುವ ಸಾಲಿನ ಗುರುತನ್ನು ತೆಗೆಯಿರಿ. ಇಂಗ್ಲಿಷ್ ಪತ್ರಕ್ಕೆ ಕಾಗುಣಿತ ಪರೀಕ್ಷೆ ಬೇಕೆನ್ನುವವರು ಕಳುಹಿಸುವ ಮೊದಲು ಒಮ್ಮೆ ಪರೀಕ್ಷಿಸುವ ಸಾಲನ್ನು ಮಾತ್ರ ಉಳಿಸಿಕೊಳ್ಳಬಹುದು.

ಮೂರನೆಯದು ‘ಹಾರ್ಡ್‌ವೇರ್ ಆಕ್ಸೆಲರೇಷನ್’. ಪರದೆಯ ಮೇಲೆ ಚಿತ್ರಿಸುವ ಕೆಲಸವನ್ನು ಗ್ರಾಫಿಕ್ಸ್ ಭಾಗಕ್ಕೆ ವಹಿಸಿಕೊಡುವ ಏರ್ಪಾಡು ಇದು. ಸಾಮಾನ್ಯವಾಗಿ ಇದರಿಂದ ವೇಗ ಹೆಚ್ಚುತ್ತದೆ. ಆದರೆ ಹಳೆಯ ಯಂತ್ರಗಳಲ್ಲಿ, ಗ್ರಾಫಿಕ್ಸ್ ಭಾಗಕ್ಕೂ ಅದನ್ನು ನಡೆಸುವ ‘ಡ್ರೈವರ್’ಗೂ ಹೊಂದಿಕೆ ಇಲ್ಲದಿದ್ದಾಗ ಇದೇ ಅಡ್ಡಿಯಾಗುವುದುಂಟು. ‘ಸೆಟ್ಟಿಂಗ್ಸ್’ನ ‘ಜನರಲ್’ ಭಾಗದಲ್ಲಿ ಇದರ ಗುರುತು ತೆಗೆದು, ತಂತ್ರಾಂಶವನ್ನು ಮುಚ್ಚಿ ತೆರೆದು ನೋಡಿರಿ. ವ್ಯತ್ಯಾಸ ಕಾಣದಿದ್ದರೆ ಗುರುತನ್ನು ಮೊದಲಿನಂತೆಯೇ ಹಾಕಿಬಿಡಬೇಕು.

ಇ) ದೊಡ್ಡ ಪತ್ರದ ಉತ್ತರದಲ್ಲಿ ಮಾತ್ರ ನಿಧಾನವಾದರೆ

ಇದು ಹೆಚ್ಚಾಗಿ ಕಾಣುವ ತೊಂದರೆ. ಪರಿಹಾರವೂ ಸುಲಭ. ಹೊರೆ ಇಳಿಸುವುದೇ ಮದ್ದು.

1) ಬೇಕಾದ ಸಾಲುಗಳನ್ನು ಮಾತ್ರ ಉದ್ಧರಿಸುವುದು. ಬಂದ ಪತ್ರವನ್ನು ತೆರೆದು, ನಾವು ಉತ್ತರ ಕೊಡಬೇಕಾದ ನಾಲ್ಕು ಸಾಲುಗಳನ್ನು ಮೌಸ್‌ನಿಂದ ಆರಿಸಿ, ಆಮೇಲೆ ‘ರಿಪ್ಲೈ’ ಒತ್ತಿರಿ. ಥಂಡರ್‌ಬರ್ಡ್ ಆ ನಾಲ್ಕು ಸಾಲುಗಳನ್ನು ಮಾತ್ರ ಉತ್ತರದೊಳಗೆ ತರುತ್ತದೆ, ಉಳಿದ ಕಂತೆಯನ್ನು ಬಿಟ್ಟುಬಿಡುತ್ತದೆ. ಓದುವವರಿಗೂ ಯಾವ ಮಾತಿಗೆ ಉತ್ತರವೆಂದು ಸ್ಪಷ್ಟವಾಗುತ್ತದೆ.

2) ಸಾದಾ ಅಕ್ಷರದಲ್ಲಿ ಉತ್ತರಿಸುವುದು. ಬಣ್ಣ, ಕೋಷ್ಟಕ, ಚಿತ್ರಗಳಿರುವ ಪತ್ರವನ್ನು ‘ಎಚ್‌ಟಿಎಂಎಲ್’ ಪತ್ರವೆನ್ನುತ್ತಾರೆ. ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ‘ರಿಪ್ಲೈ’ ಗುಂಡಿ ಒತ್ತಿದರೆ, ಎಚ್‌ಟಿಎಂಎಲ್ ಬದಲು ಸಾದಾ ಅಕ್ಷರದ ಕಿಟಕಿ ತೆರೆಯುತ್ತದೆ. ಚಿತ್ರ, ಬಣ್ಣಗಳು ಬಿಟ್ಟುಹೋಗುವುದರಿಂದ ಹೊರೆ ಬಹಳ ಕಡಿಮೆಯಾಗುತ್ತದೆ. ಆದರೆ ಕೋಷ್ಟಕದ ಗೆರೆಗಳೂ ಹೋಗುತ್ತವೆ. ದರ್ಜೆವಾರು ದರದ ಕೋಷ್ಟಕ ಉತ್ತರದಲ್ಲಿ ಇರಲೇಬೇಕಾದರೆ ಈ ಕ್ರಮ ಬೇಡ. ಯಾವಾಗಲೂ ಸಾದಾ ಅಕ್ಷರದಲ್ಲಿಯೇ ಬರೆಯಲು ಇಷ್ಟಪಡುವವರು ‘ಅಕೌಂಟ್ ಸೆಟ್ಟಿಂಗ್ಸ್’ನ ‘ಕಂಪೊಸಿಷನ್ ಅಂಡ್ ಅಡ್ರೆಸಿಂಗ್’ ಎಂಬಲ್ಲಿ ಎಚ್‌ಟಿಎಂಎಲ್ ಸಾಲಿನ ಗುರುತು ತೆಗೆದರೆ ಸಾಕು.

3) ಹಳೆಯ ಭಾಗವನ್ನು ಕತ್ತರಿಸುವುದು. ಉತ್ತರದ ಕಿಟಕಿ ತೆರೆದ ಮೇಲೆ, ನಾವು ಬರೆಯಲು ತೊಡಗುವ ಮೊದಲೇ ಕೆಳಗಿನ ಹಳೆಯ ಪತ್ರಗಳನ್ನು ಆರಿಸಿ ಅಳಿಸಿರಿ. ಇತ್ತೀಚಿನ ಒಂದು ಪತ್ರ ಉಳಿದರೆ ಸಾಕು.

4) ಹೊಸ ಪತ್ರ ಆರಂಭಿಸುವುದು. ಒಂದೇ ವಿಷಯದ ಮೇಲೆ ಹತ್ತು ಹದಿನೈದು ಪತ್ರಗಳಾಗಿದ್ದರೆ, ‘ತಮ್ಮ ಇಂಥ ದಿನಾಂಕದ ಪತ್ರಕ್ಕೆ ಉತ್ತರ’ ಎಂದು ಹಳೆಯ ಅಂಚೆ ಪದ್ಧತಿಯಲ್ಲಿಯೇ ಹೊಸ ಪತ್ರ ಬರೆಯುವುದರಲ್ಲಿ ತಪ್ಪೇನಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಉತ್ತರದ ಕಿಟಕಿಯಲ್ಲಿ ಅಳಿಸುವುದು ನಕಲನ್ನು ಮಾತ್ರ. ನಮಗೆ ಬಂದ ಮೂಲ ಪತ್ರ ‘ಇನ್‌ಬಾಕ್ಸ್’ನಲ್ಲಿ ಹಾಗೆಯೇ ಇರುತ್ತದೆ. ಆ ಮೂಲವನ್ನು ಅಳಿಸಬಾರದು. ಒಪ್ಪಂದಕ್ಕೆ ಸಂಬಂಧಿಸಿದ ಪತ್ರಗಳಲ್ಲಿ ಪ್ರಮಾಣ, ದರ್ಜೆ, ತೇವಾಂಶ, ದರ, ಪಾವತಿಯ ಗಡುವು ಇವುಗಳನ್ನು ಹೇಳುವ ಸಾಲುಗಳನ್ನು ಉತ್ತರದಲ್ಲಿಯೂ ಉಳಿಸಿಕೊಳ್ಳುವುದು ಕ್ಷೇಮ. ಇಳಿಸಬೇಕಾದುದು ಚಿಹ್ನೆ, ಚಿತ್ರ ಮತ್ತು ಮತ್ತೆ ಮತ್ತೆ ಬಂದ ಸಹಿಗಳ ಹೊರೆ, ವ್ಯವಹಾರದ ಆಧಾರವನ್ನಲ್ಲ.

ಈ) ಆಗಾಗ ನಿಂತು ಮುಂದುವರಿಯುತ್ತಿದ್ದರೆ

ಇಂಟರ್‌ನೆಟ್ ಅಡ್ಡಬರುವ ಸಂದರ್ಭ ಇದೇ. ನಾವು ಬರೆಯುತ್ತಿರುವ ಪತ್ರದ ಕರಡನ್ನು ಥಂಡರ್‌ಬರ್ಡ್ ನಿಗದಿತ ಅವಧಿಗೊಮ್ಮೆ ತಾನೇ ಉಳಿಸುತ್ತದೆ. ನಾವು ಬದಲಿಸದಿದ್ದರೆ ಈ ಅವಧಿ 5 ನಿಮಿಷ. ಕರಡು ಉಳಿಯುವ ಸ್ಥಳ ದೂರದ ಸರ್ವರ್ ಆಗಿದ್ದು ಇಂಟರ್‌ನೆಟ್ ದುರ್ಬಲವಾಗಿದ್ದರೆ, ಉಳಿಸುವ ಹೊತ್ತಿನಲ್ಲಿ ಬರೆವಣಿಗೆ ತಡೆದಂತಾಗಬಹುದು. ದೊಡ್ಡ ಚಿತ್ರವನ್ನು ಲಗತ್ತಿಸಿದ್ದರೆ ತಡೆ ಇನ್ನೂ ದೀರ್ಘ. ಗಡಿಯಾರ ನೋಡಿ ಬರೆಯಿರಿ. ತಡೆ ಸುಮಾರು ಐದೈದು ನಿಮಿಷಕ್ಕೊಮ್ಮೆ ಬಂದರೆ ಕಾರಣ ಇದೇ ಇರಬಹುದು.

ಇದಕ್ಕೆ ಪರಿಹಾರ, ಕರಡನ್ನು ನಮ್ಮ ಯಂತ್ರದಲ್ಲಿಯೇ ಉಳಿಯುವಂತೆ ಮಾಡುವುದು. ‘ಅಕೌಂಟ್ ಸೆಟ್ಟಿಂಗ್ಸ್’ನಲ್ಲಿ ‘ಕಾಪೀಸ್ ಅಂಡ್ ಫೋಲ್ಡರ್ಸ್’ ತೆರೆದು, ಕರಡು ಇಡುವ ಸ್ಥಳವಾಗಿ ‘ಲೋಕಲ್ ಫೋಲ್ಡರ್ಸ್’ ಆರಿಸಿರಿ. ಹೀಗೆ ಮಾಡಿದ ಮೇಲೆ ಅರ್ಧ ಬರೆದ ಪತ್ರ ಮೊಬೈಲ್‌ನಲ್ಲಿ ಕಾಣಿಸುವುದಿಲ್ಲ ಎಂಬುದು ನೆನಪಿರಲಿ. ಕರಡು ಉಳಿಸುವುದನ್ನೇ ಪೂರ್ತಿ ನಿಲ್ಲಿಸುವುದು ಮಾತ್ರ ಸಲ್ಲದು. ಮಳೆಗಾಲದಲ್ಲಿ ವಿದ್ಯುತ್ ಯಾವ ಕ್ಷಣದಲ್ಲಾದರೂ ಹೋಗುವ ನಮ್ಮ ಕಡೆ, ಗಂಟೆ ಹೊತ್ತು ಬರೆದ ಪತ್ರ ಒಮ್ಮೆಲೇ ಮಾಯವಾದೀತು.

ಎರಡನೆಯ ಕಾರಣ ತುಂಬಿ ತುಳುಕುವ ಇನ್‌ಬಾಕ್ಸ್. ಥಂಡರ್‌ಬರ್ಡ್ ಸಾಮಾನ್ಯವಾಗಿ ಒಂದು ಫೋಲ್ಡರ್‌ನ ಎಲ್ಲ ಪತ್ರಗಳನ್ನು ಒಂದೇ ಉದ್ದನೆಯ ಕಡತದಲ್ಲಿ ಇಡುತ್ತದೆ. ನಾವು ಅಳಿಸಿದ ಪತ್ರವೂ ಕೂಡಲೇ ಆ ಕಡತದಿಂದ ಹೋಗುವುದಿಲ್ಲ. ಗುರುತು ಹಾಕಿ ಮರೆಮಾಡಿರುತ್ತದೆ, ಅಷ್ಟೆ. ‘ಫೈಲ್’ ಪಟ್ಟಿಯಲ್ಲಿರುವ ‘ಕಾಂಪ್ಯಾಕ್ಟ್ ಫೋಲ್ಡರ್ಸ್’ ಒತ್ತಿದರೆ ಆ ಜಾಗ ತೆರವಾಗುತ್ತದೆ. ಇದನ್ನು ಮಾಡುವ ಮೊದಲು ಪತ್ರಗಳ ಪ್ರತಿಯೊಂದನ್ನು ಬೇರೆ ಕಡೆ ತೆಗೆದಿಡಬೇಕು, ಡಿಸ್ಕ್‌ನಲ್ಲಿ ಸಾಕಷ್ಟು ಜಾಗವಿರಬೇಕು, ಕೆಲಸ ಮುಗಿಯುವವರೆಗೆ ತಂತ್ರಾಂಶವನ್ನು ಮುಚ್ಚಬಾರದು. ಹಳೆಯ ಪತ್ರಗಳನ್ನು ವರ್ಷವಾರು ಫೋಲ್ಡರ್ ಮಾಡಿ ಸಾಗಿಸಿದರೆ ಇನ್‌ಬಾಕ್ಸ್ ಹಗುರವಾಗಿರುತ್ತದೆ.

ಮೂರನೆಯದು ವೈರಸ್ ತಡೆಯುವ ತಂತ್ರಾಂಶ. ಮೇಲೆ ಹೇಳಿದ ಉದ್ದನೆಯ ಕಡತದಲ್ಲಿ ಒಂದು ಹೊಸ ಪತ್ರ ಸೇರಿದಾಗಲೂ ಅದು ಇಡೀ ಕಡತವನ್ನು ಮೊದಲಿನಿಂದ ಪರಿಶೀಲಿಸಲು ಹೊರಡಬಹುದು. ಟಾಸ್ಕ್ ಮ್ಯಾನೇಜರ್‌ನಲ್ಲಿ ಅದೇ ಮೇಲೆ ಕಾಣಿಸುತ್ತಿದ್ದರೆ, ತಿಳಿದವರಿಂದ ಅದರ ಹೊಂದಾಣಿಕೆಯನ್ನು ಸರಿಪಡಿಸಿಕೊಳ್ಳಬೇಕು. ವೈರಸ್ ತಡೆಯನ್ನೇ ನಿಲ್ಲಿಸಿ ಕೆಲಸ ಮಾಡುವುದು ಅಪಾಯಕರ.

ಬೇರೆ ತಂತ್ರಾಂಶ ಬಳಸುವವರಿಗೆ

ನಾಲ್ಕು ಕಡೆಯ ಪರೀಕ್ಷೆ ಎಲ್ಲ ತಂತ್ರಾಂಶಗಳಿಗೂ ಒಂದೇ. ವಿಂಡೋಸ್‌ನ ಹಳೆಯ ಮಾದರಿಯ ಔಟ್‌ಲುಕ್ ಬಳಸುವವರು ಕಂಟ್ರೋಲ್ ಕೀಲಿ ಒತ್ತಿ ಹಿಡಿದು ಅದರ ಚಿತ್ರದ ಮೇಲೆ ಒತ್ತಿದರೆ ‘ಸೇಫ್ ಮೋಡ್’ನಲ್ಲಿ ತೆರೆಯಬೇಕೇ ಎಂದು ಕೇಳುತ್ತದೆ. ಇದು ಥಂಡರ್‌ಬರ್ಡ್‌ನ ಟ್ರಬಲ್‌ಶೂಟ್ ಮೋಡ್‌ಗೆ ಸಮಾನ. 2007ರ ಆವೃತ್ತಿಯಿಂದೀಚೆಗೆ ಈ ಔಟ್‌ಲುಕ್‌ನ ಬರೆಯುವ ಕಿಟಕಿ ವರ್ಡ್ ತಂತ್ರಾಂಶದ ಯಂತ್ರಾಂಗವನ್ನೇ ಬಳಸುತ್ತದೆ. ಆದ್ದರಿಂದ ಕಾಗುಣಿತದ ಜೊತೆ ವ್ಯಾಕರಣ ಪರೀಕ್ಷೆಯನ್ನೂ ನಿಲ್ಲಿಸಿ ನೋಡಬೇಕು. ಬ್ರೌಸರ್‌ನಲ್ಲಿ ಜಿಮೇಲ್ ತೆರೆದು ಬರೆಯುವವರು ಬ್ರೌಸರ್‌ಗೆ ಸೇರಿಸಿಕೊಂಡ ‘ಎಕ್ಸ್‌ಟೆನ್ಷನ್’ಗಳನ್ನು ನಿಲ್ಲಿಸಿ ಪರೀಕ್ಷಿಸಬೇಕು.

ಒಂದು ಉದಾಹರಣೆ

ಒಬ್ಬ ಬೆಳೆಗಾರರಿಗೆ ಕ್ಯೂರಿಂಗ್ ವರ್ಕ್ಸ್‌ನೊಡನೆ ಔಟ್‌ಟರ್ನ್ ಬಗ್ಗೆ ಪತ್ರವ್ಯವಹಾರ ನಡೆದಿದೆ ಎಂದಿಟ್ಟುಕೊಳ್ಳೋಣ. ಹದಿಮೂರು ಪತ್ರಗಳಾಗಿವೆ. ಹದಿನಾಲ್ಕನೆಯದನ್ನು ಕನ್ನಡದಲ್ಲಿ ಬರೆಯಲು ಹೊರಟಾಗ ಅಕ್ಷರ ಮೂಡುವುದೇ ಇಲ್ಲ. ಪರೀಕ್ಷೆ ಮಾಡಿದರು. ನೋಟ್‌ಪ್ಯಾಡ್‌ನಲ್ಲಿ ಚುರುಕು, ಹೊಸ ಪತ್ರದಲ್ಲಿ ಚುರುಕು, ಸಣ್ಣ ಪತ್ರದ ಉತ್ತರದಲ್ಲಿಯೂ ಚುರುಕು, ದೊಡ್ಡದರ ಉತ್ತರದಲ್ಲಿ ಮಾತ್ರ ನಿಧಾನ. ಅಂದರೆ ಯಂತ್ರ ಸರಿಯಿದೆ, ತಂತ್ರಾಂಶ ಸರಿಯಿದೆ, ಹೊರೆ ಹೆಚ್ಚಾಗಿದೆ. ಕೀಲಿಮಣೆ ಬದಲಿಸುವ, ಡಿಸ್ಕ್ ಬದಲಿಸುವ ಮಾತೇ ಇಲ್ಲ. ತೂಕ ಮತ್ತು ಔಟ್‌ಟರ್ನ್ ಹೇಳುವ ಆರು ಸಾಲುಗಳನ್ನು ಆರಿಸಿ ರಿಪ್ಲೈ ಒತ್ತಿದರು. ಕೆಲಸವಾಯಿತು. ಖರ್ಚು ಏನೂ ಇಲ್ಲ.

ಪಾಲಿಸಬೇಕಾದ ಎರಡು ನಿಯಮಗಳು

ಮೊದಲನೆಯದು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನೋಡುವುದು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಗುಣ ಕಂಡರೂ ಯಾವುದರಿಂದ ಎಂದು ತಿಳಿಯುವುದಿಲ್ಲ, ಕೆಟ್ಟರೂ ತಿಳಿಯುವುದಿಲ್ಲ. ಮಾಡಿದ ಬದಲಾವಣೆಯನ್ನು ದಿನಾಂಕ ಸಹಿತ ಬರೆದಿಟ್ಟುಕೊಳ್ಳಬೇಕು. ಅಂಗಡಿಗೆ ಯಂತ್ರ ಒಯ್ಯಬೇಕಾಗಿ ಬಂದರೂ ಆ ಟಿಪ್ಪಣಿ ತೋರಿಸಿದರೆ ದುರಸ್ತಿಯವರಿಗೆ ಕೆಲಸ ಸುಲಭ, ನಮಗೆ ಬಿಲ್ಲು ಕಡಿಮೆ.

ಎರಡನೆಯದು, ಅಪರಿಚಿತರ ನೆರವು ಬೇಡ. ‘ನಿಮ್ಮ ಕಂಪ್ಯೂಟರ್ ನಿಧಾನವಾಗಿದೆ, ಸರಿಪಡಿಸಿಕೊಡುತ್ತೇವೆ’ ಎಂದು ಫೋನ್ ಮಾಡಿ, ದೂರದಿಂದಲೇ ಯಂತ್ರವನ್ನು ನಡೆಸಲು ಅನುಮತಿ ಕೇಳುವವರು ವಂಚಕರು. ಅದೇ ಯಂತ್ರದಲ್ಲಿ ನಮ್ಮ ಬ್ಯಾಂಕಿನ ವ್ಯವಹಾರವೂ ಇರುತ್ತದೆ. ‘ವೇಗ ಹೆಚ್ಚಿಸುತ್ತದೆ’ ಎಂದು ಜಾಹೀರಾತಿನಲ್ಲಿ ಬರುವ ಗುರುತು ಪರಿಚಯವಿಲ್ಲದ ತಂತ್ರಾಂಶಗಳನ್ನೂ ಹಾಕಿಕೊಳ್ಳಬಾರದು.

ಅಭ್ಯಾಸ

1. ಕನ್ನಡದಲ್ಲಿ ಎಲ್ಲ ಕಡೆ ನಿಧಾನ, ಇಂಗ್ಲಿಷಿನಲ್ಲಿ ಎಲ್ಲ ಕಡೆ ಚುರುಕು. ದೋಷ ಎಲ್ಲಿದೆ? (ಕನ್ನಡ ಕೀಲಿಮಣೆಯ ತಂತ್ರಾಂಶದಲ್ಲಿ.)
2. ಇಂಟರ್‌ನೆಟ್ ವೈರ್ ತೆಗೆದ ಮೇಲೂ ಪ್ರತಿ ಅಕ್ಷರ ತಡವಾಗುತ್ತಿದೆ. ಇಂಟರ್‌ನೆಟ್ ಕಾರಣವೇ? (ಅಲ್ಲ. ನಾಲ್ಕು ಕಡೆಯ ಪರೀಕ್ಷೆ ಮಾಡಬೇಕು.)
3. ದರದ ಕೋಷ್ಟಕವನ್ನು ಉತ್ತರದಲ್ಲಿ ಉಳಿಸಿಕೊಳ್ಳಬೇಕು, ಆದರೆ ಹೊರೆ ಇಳಿಸಬೇಕು. ಯಾವ ಕ್ರಮ? (ಕೋಷ್ಟಕವನ್ನು ಮಾತ್ರ ಆರಿಸಿ ರಿಪ್ಲೈ ಒತ್ತುವುದು.)

ಸದಸ್ಯ ಬಾಂಧವರು ಬಿಡುವಿನ ಒಂದು ಸಂಜೆ ಮನೆಯ ಮಕ್ಕಳನ್ನೂ ಕೂರಿಸಿಕೊಂಡು ಈ ಪರೀಕ್ಷೆಯನ್ನು ಒಮ್ಮೆ ಮಾಡಿ ನೋಡಬೇಕು. ಕೊಯ್ಲಿನ ಗಡಿಬಿಡಿಯಲ್ಲಿ, ಧಾರಣೆ ಒಪ್ಪಬೇಕಾದ ದಿನವೇ ಕಾರಣ ಹುಡುಕುತ್ತ ಕೂರುವುದು ಆಗ ತಪ್ಪುತ್ತದೆ.